ವೈದ್ಯಕವಿ ವಿಲಿಯಂ ಕಾರ್ಲೋಸ್ ವಿಲಿಯಮ್ಸ್

ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಜೆರ್ಸಿ ರಾಜ್ಯದಲ್ಲಿ, ನ್ಯೂಯಾರ್ಕ್ ಮಹಾನಗರಕ್ಕೆ ಅನತಿದೂರದಲ್ಲಿ, ರುದರ್‌ಫರ್ಡ್ ಎಂಬ ಚಿಕ್ಕ ಪಟ್ಟಣವಿದೆ. 1909ನೆಯ ಇಸವಿಯಲ್ಲಿ ಅಲ್ಲಿಯ ಅಂಗಡಿಯೊಂದರಲ್ಲಿ ಕಾಗದ, ಶಾಯಿ, ಲೇಖನಿಗಳ ಜೊತೆಗೆ ಒಂದು ಪುಟ್ಟ ಕವನಸಂಕಲನವೂ ಮಾರಾಟಕ್ಕೆ ಬಂದಿತು. ಬೆಲೆ 25 ಸೆಂಟು, ಎಂದರೆ ಒಂದು ಡಾಲರಿನ ಕಾಲುಭಾಗ. ನಾಲ್ಕು ಪ್ರತಿಗಳಷ್ಟೇ ಮಾರಾಟವಾದುವೆಂದು ಅದರ ಕವಿಯೇ ಮುಂದೆ ನೆನೆದಿದ್ದಾರೆ. ಇಂದು ಆ ಪುಸ್ತಕದ ಒಂದು ಪ್ರತಿ ಎಲ್ಲಿಯಾದರೂ ದೊರೆತರೆ ಗ್ರಂಥಸಂಗ್ರಾಹಕರು ಅದನ್ನು ನಿಧಿಯೆಂದೇ ಭಾವಿಸುತ್ತಾರೆ. ಆದರೆ ಅದನ್ನು ಬರೆದವರಿಗೆ ಮಾತ್ರ ಆ ಪುಸ್ತಕದ ಮೇಲೆ ಅಭಿಮಾನವಿರಲಿಲ್ಲ. ತಮ್ಮ ನಿಜವಾದ ಕಾವ್ಯವನ್ನು ಅವರು ಆಮೇಲೆ ಬೇರೊಂದು ಕಡೆ ಕಂಡುಕೊಂಡರು. ಆ ಕವಿಯೇ ವಿಲಿಯಂ ಕಾರ್ಲೋಸ್ ವಿಲಿಯಮ್ಸ್.

ವಿಲಿಯಮ್ಸ್ ಅವರು 1883ರ ಸೆಪ್ಟೆಂಬರ್ 17ರಂದು ರುದರ್‌ಫರ್ಡಿನಲ್ಲಿ ಜನಿಸಿದರು. ತಂದೆ ಇಂಗ್ಲೆಂಡಿನಲ್ಲಿ ಹುಟ್ಟಿ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಬೆಳೆದವರು. ಜೀವಮಾನವೆಲ್ಲ ಅಮೆರಿಕದಲ್ಲಿ ದುಡಿದರೂ ಬ್ರಿಟಿಷ್ ಪೌರತ್ವವನ್ನು ಬಿಡಲಿಲ್ಲ. ತಾಯಿ ಪೋರ್ಟೊರಿಕೊ ದ್ವೀಪದವರು. ಪ್ಯಾರಿಸ್ ನಗರದಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದ್ದವರು. ಹೀಗಾಗಿ ಆ ಮನೆಯಲ್ಲಿ ಇಂಗ್ಲಿಷಿನ ಜೊತೆಗೆ ಸ್ಪ್ಯಾನಿಷ್ ಮತ್ತು ಫ್ರೆಂಚ್ ಭಾಷೆಗಳೂ ಬಾಲಕನ ಕಿವಿಗೆ ಬೀಳುತ್ತಿದ್ದುವು. ಬಗೆಬಗೆಯ ನುಡಿಗಳನ್ನು ಕಿವಿಗೊಟ್ಟು ಕೇಳುವ ಅಭ್ಯಾಸ ಅವರಿಗೆ ಎಳವೆಯಲ್ಲಿಯೇ ಮೂಡಿತು.

ಬಾಲ್ಯದಲ್ಲಿ ವಿಲಿಯಮ್ಸ್ ಅವರಿಗೆ ಓದಿಗಿಂತ ಆಟದಲ್ಲಿಯೇ ಒಲವು ಹೆಚ್ಚು. ಪ್ರೌಢಶಾಲೆಯಲ್ಲಿದ್ದಾಗ ಓಟದ ಅಭ್ಯಾಸದಿಂದ ಎದೆಗೆ ಆಯಾಸವಾಯಿತು. ಇನ್ನು ಓಟದ ಸ್ಪರ್ಧೆಗಳಲ್ಲಿ ಸೇರಬಾರದೆಂದು ವೈದ್ಯರು ವಿಧಿಸಿದರು. ಆಟದ ಬಯಲನ್ನು ಕಳೆದುಕೊಂಡ ಹುಡುಗ ಪುಸ್ತಕಗಳ ಕಡೆಗೆ ತಿರುಗಿದ, ಕವಿತೆಗಳನ್ನು ಬರೆಯತೊಡಗಿದ. ಬಾಗಿಲೊಂದು ಮುಚ್ಚಿದುದೇ ಅವರ ಬಾಳಿನ ದಿಕ್ಕನ್ನು ಬದಲಿಸಿತು.

ಕವಿಯಾಗಬೇಕೆಂಬ ಬಯಕೆ ಎಷ್ಟೇ ಬಲವಾಗಿದ್ದರೂ ಕವಿತೆಯಿಂದ ಹೊಟ್ಟೆ ತುಂಬದೆಂಬುದು ಅವರಿಗೆ ತಿಳಿದಿತ್ತು. ಹಣಕ್ಕಾಗಿ ಬರೆಯಬೇಕಾಗಿ ಬಂದರೆ ಪರರ ಮೆಚ್ಚುಗೆಗಾಗಿ ಬರೆಯಬೇಕಾಗುತ್ತದೆ ಎಂಬ ಎಚ್ಚರವೂ ಇತ್ತು. ಆದುದರಿಂದ ಅವರು ಒಂದು ದೃಢನಿರ್ಧಾರಕ್ಕೆ ಬಂದರು: ಜೀವನೋಪಾಯಕ್ಕೆ ವೈದ್ಯವೃತ್ತಿ, ಅದರ ಜೊತೆಗೆ ಯಾರ ಹಂಗೂ ಇಲ್ಲದ ಕಾವ್ಯರಚನೆ. 1902ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ವೈದ್ಯಶಾಲೆಗೆ ಸೇರಿ 1906ರಲ್ಲಿ ಪದವಿ ಪಡೆದರು. ಮುಂದೆ ಪ್ರಸಿದ್ಧ ಕವಿಯಾದ ಎಜ್ರಾ ಪೌಂಡ್ ಮತ್ತು ವರ್ಣಚಿತ್ರಕಾರರಾದ ಚಾರ್ಲ್ಸ್ ಡಿಮತ್ ಅವರ ಸ್ನೇಹ ದೊರೆತುದು ಆ ವಿದ್ಯಾರ್ಥಿದೆಸೆಯಲ್ಲಿಯೇ.

ಪದವಿ ಪಡೆದ ಬಳಿಕ ಅವರು ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಕಿರಿಯ ವೈದ್ಯರಾಗಿ ಕೆಲಸ ಮಾಡಿದರು. ಮಕ್ಕಳ ಆಸ್ಪತ್ರೆಯೊಂದರಲ್ಲಿದ್ದಾಗ, ನಿಜವೋ ಸುಳ್ಳೋ ತಮಗೆ ಖಚಿತವಾಗದ ಲೆಕ್ಕಪತ್ರಕ್ಕೆ ಸಹಿ ಹಾಕುವಂತೆ ಮೇಲಿನವರು ಒತ್ತಾಯಿಸಿದರು. ವಿಲಿಯಮ್ಸ್ ಸಹಿ ಹಾಕಲು ಒಪ್ಪಲಿಲ್ಲ. ಹುದ್ದೆಯನ್ನೇ ಬಿಟ್ಟು ಹೊರಬಂದರು. ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಮೇಲೇರಬಹುದಾಗಿದ್ದ ದಾರಿ ಇದರಿಂದ ಮುಚ್ಚಿಹೋಯಿತು. ಆದರೆ ಆ ನಷ್ಟಕ್ಕಾಗಿ ಅವರು ಪರಿತಪಿಸಲಿಲ್ಲ.

ಅದೇ 1909ರಲ್ಲಿ ಅವರ ಮೊದಲ ಸಂಕಲನ ಹೊರಬಂದಿತು. ಅದಕ್ಕೆ 'ಕವನಗಳು' ಎಂಬ ಅರ್ಥದ ಸರಳವಾದ ಹೆಸರು. ತಂದೆಯ ಪರಿಚಯದ ಸ್ಥಳೀಯ ಮುದ್ರಕರೊಬ್ಬರು ಅದನ್ನು ಅಚ್ಚುಹಾಕಿದರು. ಖರ್ಚನ್ನು ಕವಿಯೇ ಹೊತ್ತರು. ಅಚ್ಚಾದ ಮೊದಲ ನೂರು ಪ್ರತಿಗಳಲ್ಲಿ ಅಚ್ಚಿನ ತಪ್ಪುಗಳು ತುಂಬಿಹೋಗಿದ್ದುವು. ತಂದೆ ಪುಸ್ತಕವನ್ನು ಓದಿ, ಲೇಖನಿ ಹಿಡಿದು ತಿದ್ದುಪಡಿಗಳನ್ನು ಸೂಚಿಸಿದರು. ಪುಸ್ತಕವನ್ನು ಮತ್ತೆ ಅಚ್ಚುಹಾಕಿಸಬೇಕಾಯಿತು. ತಿದ್ದಿದ ಪ್ರತಿಗಳೂ ಕೊಳ್ಳುವವರಿಲ್ಲದೆ ಉಳಿದುವು. ಮುದ್ರಕರು ಅವುಗಳನ್ನು ಕಟ್ಟಿ ಹಳೆಯ ಕೋಳಿಗೂಡಿನ ಮಾಡಿನಡಿಯಲ್ಲಿ ಇಟ್ಟರು. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿದ್ದ ಆ ಕಟ್ಟು ಕೊನೆಗೆ ಆಕಸ್ಮಿಕವಾಗಿ ಸುಟ್ಟುಹೋಯಿತು.

ಪುಸ್ತಕವನ್ನು ಓದಿದ ಪೌಂಡ್ ಅವರು ಲಂಡನ್ನಿನಿಂದ ಪತ್ರ ಬರೆದು, ಅದರಲ್ಲಿ ಹೊಸತೇನೂ ಇಲ್ಲವೆಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. ಆ ಮಾತು ಕಹಿಯಾಗಿದ್ದರೂ ಸತ್ಯವಾಗಿತ್ತು. ಆ ಕವಿತೆಗಳಲ್ಲಿದ್ದುದು ಇಂಗ್ಲೆಂಡಿನ ಕವಿ ಕೀಟ್ಸ್ ಅವರ ನೆರಳು. ಬಳಕೆ ತಪ್ಪಿದ ಹಳೆಯ ಪದಗಳು. ಕವಿ ಕಣ್ಣಾರೆ ಕಾಣದ ಲೋಕ. ರುದರ್‌ಫರ್ಡಿನ ಬೀದಿಯಾಗಲಿ, ಅಲ್ಲಿಯ ಜನರ ಮಾತಾಗಲಿ ಅವುಗಳಲ್ಲಿ ಇರಲಿಲ್ಲ. ವಿಲಿಯಮ್ಸ್ ಈ ಟೀಕೆಯಿಂದ ಎದೆಗುಂದಲಿಲ್ಲ. ಎರವಲು ಮಾತನ್ನು ಬಿಟ್ಟು ತಮ್ಮದೇ ಆದ ಮಾತನ್ನು ಹುಡುಕತೊಡಗಿದರು.

ಜರ್ಮನಿಯ ಲೈಪ್ಸಿಗ್ ನಗರದಲ್ಲಿ ಮಕ್ಕಳ ಚಿಕಿತ್ಸೆಯನ್ನು ಕುರಿತು ಹೆಚ್ಚಿನ ವ್ಯಾಸಂಗ ಮಾಡಿ 1910ರಲ್ಲಿ ಅವರು ಸ್ವಂತ ಊರಿಗೆ ಹಿಂದಿರುಗಿದರು. ಪೌಂಡ್, ಎಲಿಯಟ್ ಮೊದಲಾದ ಸಮಕಾಲೀನರು ಯೂರೋಪಿನಲ್ಲಿ ನೆಲೆ ಹುಡುಕಿದರು. ವಿಲಿಯಮ್ಸ್ ಹುಟ್ಟಿದೂರಿನಲ್ಲಿಯೇ ನಿಂತರು. 1912ರಲ್ಲಿ ಫ್ಲಾರೆನ್ಸ್ ಹರ್ಮನ್ ಅವರನ್ನು ವಿವಾಹವಾದರು. ರಿಡ್ಜ್ ರಸ್ತೆಯ 9ನೆಯ ಸಂಖ್ಯೆಯ ಮನೆ ಅವರ ವಾಸಸ್ಥಾನವೂ ಚಿಕಿತ್ಸಾಲಯವೂ ಆಯಿತು. ನಾಲ್ಕು ದಶಕಗಳ ಕಾಲ ಅವರು ಅಲ್ಲಿ ವೈದ್ಯವೃತ್ತಿಯನ್ನು ನಡೆಸಿದರು.

ಅವರ ರೋಗಿಗಳಲ್ಲಿ ಹೆಚ್ಚಿನವರು ಸುತ್ತಲಿನ ಕಾರ್ಖಾನೆಗಳ ಕೂಲಿಗಾರರು. ಇಟಲಿ, ಪೋಲೆಂಡ್ ಮೊದಲಾದ ದೇಶಗಳಿಂದ ವಲಸೆ ಬಂದ ಬಡವರು. ನಡುರಾತ್ರಿಯಲ್ಲಿ ಕರೆ ಬಂದರೂ ವಿಲಿಯಮ್ಸ್ ಚೀಲವನ್ನು ಹಿಡಿದು ಹೊರಡುತ್ತಿದ್ದರು. 1918ರ ಇನ್‌ಫ್ಲುಯೆಂಜಾ ಮಹಾಮಾರಿಯ ಕಾಲದಲ್ಲಿ ಆ ಊರಿನ ವೈದ್ಯರು ದಿನವೊಂದಕ್ಕೆ ಅರವತ್ತು ಮನೆಗಳವರೆಗೂ ಸುತ್ತಬೇಕಾಗಿತ್ತು. ತಮ್ಮ ವೃತ್ತಿಜೀವನದಲ್ಲಿ ವಿಲಿಯಮ್ಸ್ ಎರಡು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. ಹಣ ಕೊಡಲಾರದವರನ್ನು ಅವರು ಎಂದೂ ಕೈಬಿಡಲಿಲ್ಲ.

ಇಷ್ಟೊಂದು ದುಡಿಮೆಯ ನಡುವೆ ಬರೆಯಲು ಬಿಡುವೆಲ್ಲಿ? ಒಬ್ಬ ರೋಗಿ ಹೊರಗೆ ಹೋಗಿ ಇನ್ನೊಬ್ಬ ಒಳಗೆ ಬರುವ ನಡುವಿನ ಕೆಲವು ನಿಮಿಷಗಳೇ ಅವರ ಬಿಡುವು. ಔಷಧಿ ಬರೆದುಕೊಡುವ ಚೀಟಿಗಳ ಮೇಲೆ ಹೊಳೆದ ಸಾಲುಗಳನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಅವರ ಬೆರಳಚ್ಚು ಯಂತ್ರ ಮೇಜಿನೊಳಗೆ ಅಡಗಿರುತ್ತಿತ್ತು. ಬಿಡುವು ದೊರೆತೊಡನೆ ಅದನ್ನು ಮೇಲಕ್ಕೆಳೆದು ಬರೆಯುತ್ತಿದ್ದರು. ರೋಗಿ ಬಂದೊಡನೆ ಒಳಗೆ ತಳ್ಳಿಬಿಡುತ್ತಿದ್ದರು. ವೃತ್ತಿಯೂ ಪ್ರವೃತ್ತಿಯೂ ಹೀಗೆ ಒಂದೇ ಮೇಜಿನ ಮೇಲೆ ಕೂಡಿ ಬಾಳಿದುವು. ಅಷ್ಟೇ ಅಲ್ಲ, ಹುಡುಕುತ್ತಿದ್ದ ಮಾತು ಅವರಿಗೆ ದೊರೆತುದು ಈ ವೃತ್ತಿಯಲ್ಲಿಯೇ. ನೋವಿನಲ್ಲಿರುವ ತಾಯಿ, ಬಾಯಿ ತೆರೆಯಲೊಲ್ಲದ ಮಗು, ಕೆಲಸ ಕಳೆದುಕೊಂಡ ಕೂಲಿಗಾರ, ಇವರು ಅಲಂಕಾರದ ಮಾತಾಡುವುದಿಲ್ಲ. ಅವರ ನೇರವಾದ ನುಡಿಯಲ್ಲಿ ಇರುವ ಲಯವೇ ಅಮೆರಿಕದ ಕಾವ್ಯದ ಲಯವಾಗಬೇಕೆಂದು ವಿಲಿಯಮ್ಸ್ ನಂಬಿದರು.

ಅದು ಇಂಗ್ಲಿಷ್ ಸಾಹಿತ್ಯದಲ್ಲಿ ನವ್ಯಕಾವ್ಯ ಮೂಡುತ್ತಿದ್ದ ಕಾಲ. 1922ರಲ್ಲಿ ಟಿ. ಎಸ್. ಎಲಿಯಟ್ ಅವರ 'ದಿ ವೇಸ್ಟ್ ಲ್ಯಾಂಡ್' ಪ್ರಕಟವಾಗಿ ಎಲ್ಲರ ಗಮನವನ್ನು ಸೆಳೆಯಿತು. ಅನೇಕ ಭಾಷೆಗಳ, ಪ್ರಾಚೀನ ಗ್ರಂಥಗಳ ನೆನಪುಗಳಿಂದ ತುಂಬಿದ ಆ ಕಾವ್ಯದ ಪ್ರತಿಭೆಯನ್ನು ವಿಲಿಯಮ್ಸ್ ಅಲ್ಲಗಳೆಯಲಿಲ್ಲ. ಆದರೆ ಅದು ಕವಿತೆಯನ್ನು ಮತ್ತೆ ಪಂಡಿತರ ಕೊಠಡಿಗೆ ಒಯ್ದಿತೆಂದು ಬಹಳವಾಗಿ ನೊಂದುಕೊಂಡರು. ಮರುವರ್ಷ, 1923ರಲ್ಲಿ, ಅವರ 'ಸ್ಪ್ರಿಂಗ್ ಅಂಡ್ ಆಲ್' ಎಂಬ ಪುಸ್ತಕ ಹೊರಬಂದಿತು. ಗೆಳೆಯ ರಾಬರ್ಟ್ ಮೆಕಾಮನ್ ಅವರು ಪ್ರಕಟಿಸಿದ ಈ ಪುಸ್ತಕ ಅಚ್ಚಾದುದು ಫ್ರಾನ್ಸಿನ ಡಿಜೋನ್ ನಗರದಲ್ಲಿ. ಜೇಮ್ಸ್ ಜಾಯ್ಸ್ ಅವರ 'ಯೂಲಿಸಿಸ್' ಕಾದಂಬರಿಯನ್ನು ಅಚ್ಚುಹಾಕಿದ ಮುದ್ರಕರೇ ಇದನ್ನೂ ಅಚ್ಚುಹಾಕಿದರು. ಪದ್ಯದ ನಡುವೆ ಗದ್ಯ, ಅನುಕ್ರಮವಿಲ್ಲದ ಅಧ್ಯಾಯಗಳು, ತಲೆಕೆಳಗಾಗಿ ಅಚ್ಚಾದ ಒಂದು ತಲೆಬರಹ, ಇವೆಲ್ಲ ಅಚ್ಚಿನ ತಪ್ಪುಗಳಲ್ಲ. ಕವಿ ಬೇಕೆಂದೇ ಮಾಡಿದ ಪ್ರಯೋಗಗಳು.

ಈ ಪುಸ್ತಕದ 22ನೆಯ ಕವಿತೆಯಲ್ಲಿ ಇರುವುದು ಕೇವಲ ಹದಿನಾರು ಪದಗಳು. ಮಳೆಯಲ್ಲಿ ನೆನೆದ ಕೆಂಪು ಬಣ್ಣದ ಒಂಟಿಚಕ್ರದ ಕೈಗಾಡಿ, ಅದರ ಬಳಿಯಲ್ಲಿ ಕೋಳಿಗಳು, ಇಷ್ಟೇ ಅದರ ವಸ್ತು. ಆ ಗಾಡಿ ಅವರ ನೆರೆಯ ಮಾರ್ಷಲ್ ಎಂಬ ಆಫ್ರಿಕನ್ ಮೂಲದ ಮುದುಕನದು. ಮೊದಲು ಮೀನುಗಾರನಾಗಿದ್ದ ಈತ ಆಗ ಬೀದಿವ್ಯಾಪಾರ ಮಾಡುತ್ತಿದ್ದ. ಯಾರೂ ತಿರುಗಿ ನೋಡದ ಒಂದು ಗಾಡಿಯನ್ನು ವಿಲಿಯಮ್ಸ್ ನಿಂತು ನೋಡಿದರು. ಓದುಗರೂ ನಿಂತು ನೋಡುವಂತೆ ಮಾಡಿದರು. ಇಂದು ಅದು ಅಮೆರಿಕದ ಶಾಲಾಪಠ್ಯಗಳಲ್ಲಿ ಬಹುಪರಿಚಿತವಾದ ಕವಿತೆ. ಹೆಸರಿಲ್ಲದೆ ಉಳಿದಿದ್ದ ಮಾರ್ಷಲನ ಸಮಾಧಿಗೆ 2015ರಲ್ಲಿ ಒಂದು ಸ್ಮಾರಕ ಶಿಲೆಯನ್ನು ಇರಿಸಲಾಯಿತು.

ಆದರೆ 1923ರಲ್ಲಿ ಈ ಪುಸ್ತಕವನ್ನು ಓದಿದವರು ಎಷ್ಟು ಮಂದಿ? ಅಚ್ಚಾದುದೇ ಸುಮಾರು 300 ಪ್ರತಿಗಳು. ಅವುಗಳಲ್ಲಿಯೂ ಹೆಚ್ಚಿನವು ಅಮೆರಿಕದ ಓದುಗರನ್ನು ಮುಟ್ಟಲಿಲ್ಲ. ಕವಿಯ ಅತ್ಯುತ್ತಮ ಪುಸ್ತಕಗಳಲ್ಲಿ ಒಂದೆಂದು ಇಂದು ವಿದ್ವಾಂಸರು ಎಣಿಸುವ ಕೃತಿ ಅಂದು ಬೆಳಕನ್ನೇ ಕಾಣದಂತಾಯಿತು.

ನೆಚ್ಚಿನ ಪ್ರಕಾಶಕರು ದೊರೆಯಲು ಅವರು ಐವತ್ತರ ವಯಸ್ಸನ್ನು ದಾಟಬೇಕಾಯಿತು. ಜೇಮ್ಸ್ ಲಾಫ್ಲಿನ್ ಎಂಬ ತರುಣರು 1936ರಲ್ಲಿ 'ನ್ಯೂ ಡೈರೆಕ್ಷನ್ಸ್' ಎಂಬ ಪ್ರಕಾಶನ ಸಂಸ್ಥೆಯನ್ನು ಸ್ಥಾಪಿಸಿ, ಮರುವರ್ಷ ವಿಲಿಯಮ್ಸ್ ಅವರ 'ವೈಟ್ ಮ್ಯೂಲ್' ಕಾದಂಬರಿಯನ್ನು ಹೊರತಂದರು. ವಿಮರ್ಶಕರು ಮೆಚ್ಚಿದರು, ಸಿದ್ಧವಿದ್ದ ಪ್ರತಿಗಳು ಬೇಗನೆ ತೀರಿದುವು. ಆದರೆ ಆ ಹೊತ್ತಿಗೆ ಪ್ರಕಾಶಕರು ಹಿಮದ ಮೇಲೆ ಜಾರುವ ಆಟಕ್ಕಾಗಿ ದೂರದ ನ್ಯೂಜಿಲೆಂಡಿಗೆ ಹೋಗಿದ್ದರು! ಅದೃಷ್ಟ ಬಾಗಿಲಿಗೆ ಬಂದಾಗಲೂ ವಿಲಿಯಮ್ಸ್ ಕಾಯಬೇಕಾಯಿತು.

ಅವರ ಮಹತ್ವಾಕಾಂಕ್ಷೆಯ ಕೃತಿ 'ಪ್ಯಾಟರ್‌ಸನ್'. ಪ್ಯಾಟರ್‌ಸನ್ ಎಂಬುದು ರುದರ್‌ಫರ್ಡಿನ ಸಮೀಪದಲ್ಲಿ ಪಸೇಯಿಕ್ ನದಿಯ ಜಲಪಾತದ ಬಳಿ ಬೆಳೆದ ಕಾರ್ಖಾನೆಗಳ ಊರು. ಆ ಊರನ್ನೇ ನಾಯಕನನ್ನಾಗಿ ಮಾಡಿಕೊಂಡು, ಜನರ ಮಾತು, ಪತ್ರಗಳು, ಹಳೆಯ ಸುದ್ದಿಗಳು, ಚರಿತ್ರೆಯ ತುಣುಕುಗಳು ಎಲ್ಲವನ್ನೂ ಹೆಣೆದು ಅವರು ಈ ದೀರ್ಘಕಾವ್ಯವನ್ನು ರಚಿಸಿದರು. 1946ರಿಂದ 1958ರವರೆಗೆ ಅದು ಐದು ಭಾಗಗಳಾಗಿ ಪ್ರಕಟವಾಯಿತು. ಮೊದಲ ಭಾಗ ಅಚ್ಚಾದುದು ಸುಮಾರು ಒಂದು ಸಾವಿರ ಪ್ರತಿಗಳು ಮಾತ್ರ. 1950ರಲ್ಲಿ ಇದರ ಮೂರನೆಯ ಭಾಗಕ್ಕೂ ಅವರ ಆಯ್ದ ಕವಿತೆಗಳಿಗೂ ಅಮೆರಿಕದ ರಾಷ್ಟ್ರೀಯ ಗ್ರಂಥ ಪ್ರಶಸ್ತಿ ದೊರೆಯಿತು.

ಕೀರ್ತಿ ಬಂದ ಹೊತ್ತಿಗೆ ದೇಹ ಕುಗ್ಗಿತು. 1948ರಲ್ಲಿ ಹೃದಯಾಘಾತವಾಯಿತು. 1951ರಲ್ಲಿ ಪಾರ್ಶ್ವವಾಯು ಬಡಿಯಿತು. ಚಿಕಿತ್ಸಾಲಯವನ್ನು ವೈದ್ಯನಾಗಿದ್ದ ಹಿರಿಯ ಮಗನಿಗೆ ಒಪ್ಪಿಸಿ ಅವರು ನಿವೃತ್ತರಾದರು. 1952ರಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯದಲ್ಲಿ ಕಾವ್ಯ ಸಲಹೆಗಾರರ ಗೌರವದ ಹುದ್ದೆಗೆ ನೇಮಕವಾಯಿತು. ಅಷ್ಟರಲ್ಲಿಯೇ ಇನ್ನೊಮ್ಮೆ ಪಾರ್ಶ್ವವಾಯು ಬಡಿಯಿತು. ಅವರು ಕಮ್ಯೂನಿಸ್ಟರ ಬಗೆಗೆ ಸಹಾನುಭೂತಿಯುಳ್ಳವರೆಂಬ ಆಪಾದನೆಯೂ ಎದ್ದಿತು. ಆ ಹುದ್ದೆಯ ಕುರ್ಚಿಯಲ್ಲಿ ಅವರು ಒಂದು ದಿನವೂ ಕುಳಿತುಕೊಳ್ಳಲಾಗಲಿಲ್ಲ. ಮನಸ್ಸು ಕುಸಿದು 1953ರಲ್ಲಿ ಕೆಲವು ತಿಂಗಳು ಆಸ್ಪತ್ರೆಯಲ್ಲಿರಬೇಕಾಯಿತು.

ಬಲಗೈ ಸ್ವಾಧೀನ ತಪ್ಪಿತ್ತು. ಕಣ್ಣಿನ ದೃಷ್ಟಿ ಮಂದವಾಗಿತ್ತು. ಆದರೂ ವಿಲಿಯಮ್ಸ್ ಬರೆಯುವುದನ್ನು ನಿಲ್ಲಿಸಲಿಲ್ಲ. ವಿದ್ಯುತ್ತಿನಿಂದ ನಡೆಯುವ ಬೆರಳಚ್ಚು ಯಂತ್ರದ ಮೇಲೆ ಒಂದೇ ಕೈಯಿಂದ ಒಂದೊಂದೇ ಅಕ್ಷರವನ್ನು ಒತ್ತಿ ಕವಿತೆಗಳನ್ನು ರಚಿಸಿದರು. ಪತ್ನಿ ಪುಸ್ತಕಗಳನ್ನು ಓದಿ ಹೇಳುತ್ತಿದ್ದರು. ಮನೆಗೆ ಬರುತ್ತಿದ್ದ ತರುಣ ಕವಿಗಳನ್ನು ಆದರದಿಂದ ಬರಮಾಡಿಕೊಂಡು ಅವರ ಬರೆಹಗಳನ್ನು ಗಮನಿಸುತ್ತಿದ್ದರು. ಪ್ಯಾಟರ್‌ಸನ್ನಿನಲ್ಲಿ ಬೆಳೆದ ಅಲೆನ್ ಗಿನ್ಸ್‌ಬರ್ಗ್ ಅವರ 'ಹೌಲ್' 1956ರಲ್ಲಿ ಪ್ರಕಟವಾದಾಗ ಅದಕ್ಕೆ ಮುನ್ನುಡಿ ಬರೆದವರು ವಿಲಿಯಮ್ಸ್ ಅವರೇ. 1962ರಲ್ಲಿ ಅವರ ಕೊನೆಯ ಸಂಕಲನ 'ಪಿಕ್ಚರ್ಸ್ ಫ್ರಮ್ ಬ್ರೂಗಲ್' ಹೊರಬಂದಿತು. 1963ರ ಮಾರ್ಚ್ 4ರಂದು ಹುಟ್ಟಿದೂರಿನ ತಮ್ಮ ಮನೆಯಲ್ಲಿ ಅವರು ಕೊನೆಯುಸಿರೆಳೆದರು. ಆ ಸಂಕಲನಕ್ಕೆ ಪುಲಿಟ್ಜರ್ ಬಹುಮಾನ ಬಂದಿತೆಂಬ ವಾರ್ತೆ ಹೊರಟುದು ಅವರು ತೀರಿಕೊಂಡ ಎರಡು ತಿಂಗಳ ಬಳಿಕ.

ಈಗ ಅವರ ಪುಸ್ತಕಗಳ ಮೊದಲ ಮುದ್ರಣಗಳನ್ನು ಸಂಗ್ರಾಹಕರು ಲೋಕವೆಲ್ಲ ಹುಡುಕುತ್ತಾರೆ. ಯಾವ ಪ್ರತಿ ಮೊದಲು ಅಚ್ಚಾದುದು ಎಂಬುದನ್ನು ತಿಳಿಯಲು ಮುಖಪುಟದ ಇಸವಿಯನ್ನು, ಮುದ್ರಕರ ಹೆಸರನ್ನು, ಹೊದಿಕೆಯ ಕಾಗದವನ್ನು, ಅಚ್ಚಿನ ತಪ್ಪುಗಳನ್ನು ಕೂಡ ಪರೀಕ್ಷಿಸುತ್ತಾರೆ. 1909ರ ಪುಸ್ತಕದಲ್ಲಿ ಅಂದು ಕವಿಯನ್ನು ನಾಚಿಸಿದ ತಪ್ಪುಗಳೇ ಇಂದು ಆ ಪ್ರತಿಯ ಪ್ರಾಚೀನತೆಗೆ ಸಾಕ್ಷಿ! ಬೆಂಕಿಯಿಂದ ಉಳಿದುಬಂದ ಪ್ರತಿಗಳು ಬೆರಳೆಣಿಕೆಯಷ್ಟು. ಔಷಧಿಯ ಚೀಟಿಗಳ ಮೇಲೆ ಬರೆದ ಕರಡುಗಳನ್ನೂ ಹಸ್ತಪ್ರತಿಗಳನ್ನೂ ಬಫಲೊ, ಯೇಲ್ ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳು ಜೋಪಾನವಾಗಿ ರಕ್ಷಿಸಿವೆ.

ಇಂಥ ಸಂಗ್ರಹ ಹಗುರವಾಗಿ ಕಾಣಬೇಕಾದುದಲ್ಲ. ಹಳೆಯ ಪ್ರತಿಗಳನ್ನು ಯಾರೋ ಕಾಪಾಡಿದುದರಿಂದಲೇ ಒಬ್ಬ ಕವಿ ಎಲ್ಲಿಂದ ಹೊರಟು ಎಲ್ಲಿಗೆ ತಲಪಿದನೆಂಬುದು ನಮಗೆ ತಿಳಿಯುತ್ತದೆ. ಆದರೆ ಪುಸ್ತಕದ ಅಪರೂಪತೆ ಬೇರೆ, ಅದರೊಳಗಿನ ಸತ್ವ ಬೇರೆ. ಮೊದಲ ಪುಸ್ತಕ ಅಪರೂಪವಾದುದು ಯಾರೂ ಕೊಳ್ಳಲಿಲ್ಲವೆಂಬ ಕಾರಣದಿಂದ. ಕೈಗಾಡಿಯ ಕವಿತೆ ಅಮೂಲ್ಯವಾದುದು ಎಲ್ಲರಿಗೂ ದೊರೆಯುವಂತಾದುದರಿಂದ. ಗಾಜಿನ ಕಪಾಟಿನಲ್ಲಿರುವ ಪುಸ್ತಕಕ್ಕಿಂತ ಓದುಗನ ಕೈಯಲ್ಲಿರುವ ಅಗ್ಗದ ಪ್ರತಿಯೇ ಈ ವೈದ್ಯಕವಿಗೆ ಹೆಚ್ಚು ಸಂತೋಷವನ್ನು ಕೊಡುತ್ತಿತ್ತು ಎನ್ನಲು ಅವರ ಬಾಳೇ ಆಧಾರ. ನಾಲ್ಕು ಪ್ರತಿಗಳು ಮಾರಾಟವಾದ ಆ ವರ್ಷದಲ್ಲಿಯೇ ಅವರು ಲೇಖನಿಯನ್ನು ಕೆಳಗಿಟ್ಟಿದ್ದರೆ, ಸುಟ್ಟ ಪುಸ್ತಕಗಳ ಜೊತೆಗೆ ಅವರ ಹೆಸರೂ ಬೂದಿಯಾಗುತ್ತಿತ್ತು.