ಇಂದಿನ ಧಮ್ಮ ಚಿಂತನೆ: ಚಿತ್ರದ ಹುಡುಗನಿಗೆ ಸುರಿಸಿದ ಕಣ್ಣೀರು





ನಮ್ಮ ಮನೆಗಳ ಮಕ್ಕಳು ಮೊಬೈಲಿನಲ್ಲಿ ಜಪಾನಿನ ಅನಿಮೆ ನೋಡುತ್ತಾರೆ, ವಿಡಿಯೋ ಗೇಮ್ ಆಡುತ್ತಾರೆ. ಅದರೊಳಗಿನ ಒಂದು ಪಾತ್ರ ಸತ್ತರೆ ಊಟ ಬಿಟ್ಟು ಅಳುವವರೂ ಇದ್ದಾರೆ. ಇಲ್ಲದ ಮನುಷ್ಯನಿಗೆ ಅಳುವುದೇನು, ಇದು ಬರೀ ಮೋಹ ಎಂದು ದೊಡ್ಡವರು ಬೈಯುತ್ತಾರೆ. ನಮ್ಮ ಅಧ್ಯಯನ ವೃತ್ತದಲ್ಲೂ ಈ ಮಾತು ಬಂದಿದೆ. ನಾನು ಇದಕ್ಕೆ ನೇರ ಉತ್ತರ ಕೊಡುವ ಬದಲು ಒಬ್ಬರ ಬದುಕನ್ನು ಹೇಳುತ್ತೇನೆ. ಇಂಥ ಪಾತ್ರಗಳನ್ನು ಟಿ.ವಿ.ಯಲ್ಲಿ ವಾರವಾರ ಜಪಾನಿನ ಮನೆಮನೆಗೆ ತಂದವರು ಅವರು. ಭಗವಾನ್ ಬುದ್ಧರ ಜೀವನವನ್ನೂ ಚಿತ್ರಕಥೆಯಾಗಿ ಬರೆದರು. ಹೆಸರು ಒಸಾಮು ತೆಜುಕಾ.

ತೆಜುಕಾ ಹುಟ್ಟಿದ್ದು 1928ರ ನವೆಂಬರ್ 3ರಂದು, ಒಸಾಕಾ ಹತ್ತಿರದ ತೊಯೊನಾಕಾದಲ್ಲಿ. ಬೆಳೆದದ್ದು ತಕರಾಜುಕಾದಲ್ಲಿ. ಗುಂಗುರು ಕೂದಲು, ಕನ್ನಡಕ. ಶಾಲೆಯಲ್ಲಿ ಹುಡುಗರು ಗೇಲಿ ಮಾಡುತ್ತಿದ್ದರು. ಮನೆಯಲ್ಲಿ ತಾಯಿ ಮಾಂಗಾ ಎಂಬ ಚಿತ್ರಕಥೆಗಳನ್ನು ಪಾತ್ರಕ್ಕೊಂದು ದನಿ ಮಾಡಿ ಓದಿ ಹೇಳುತ್ತಿದ್ದರು. ಹುಳುಗಳನ್ನು ಹಿಡಿದು ನೋಡಿ ನೋಡಿ ಚಿತ್ರ ಬರೆಯುವುದು ಹುಡುಗನ ಹುಚ್ಚು. ಎಷ್ಟೆಂದರೆ, ಮುಂದೆ ಹುಳು ಎಂಬ ಅಕ್ಷರವನ್ನೇ ತನ್ನ ಹೆಸರಿಗೆ ಸೇರಿಸಿಕೊಂಡರು.

ಆಮೇಲೆ ಯುದ್ಧ ಬಂತು. ವಿದ್ಯಾರ್ಥಿಗಳನ್ನು ಸೇನೆಯ ಕಾರ್ಖಾನೆಗಳಲ್ಲಿ ದುಡಿಸಿದರು. 1945ರ ಏಪ್ರಿಲ್‌ನಲ್ಲಿ ಒಸಾಕಾದ ಖಾಲಿ ಚಿತ್ರಮಂದಿರದಲ್ಲಿ ಕುಳಿತು ಅವರು ಒಂದು ಅನಿಮೇಷನ್ ಸಿನಿಮಾ ನೋಡಿದರು. ಅದು ಯುದ್ಧದ ಪ್ರಚಾರಕ್ಕೆಂದು ನೌಕಾಪಡೆ ಮಾಡಿಸಿದ್ದು. ಆದರೂ ಹುಡುಗ ಅತ್ತ, ಒಂದು ದಿನ ತಾನೂ ಇಂಥದ್ದನ್ನು ಮಾಡುತ್ತೇನೆಂದು ನಿಶ್ಚಯಿಸಿದ. ಜೂನ್‌ನಲ್ಲಿ ಅದೇ ಊರಿನ ಮೇಲೆ ಬಾಂಬಿನ ಮಳೆ ಸುರಿಯಿತು. ಕಾವಲು ಗೋಪುರದ ಮೇಲಿದ್ದ ತೆಜುಕಾ ಹೇಗೋ ಉಳಿದುಕೊಂಡರು, ಸುತ್ತ ಹೆಣಗಳನ್ನು ಕಂಡರು. ಆಗಸ್ಟ್ 15ರಂದು ಯುದ್ಧ ಮುಗಿಯಿತು. ಆ ರಾತ್ರಿ ಒಸಾಕಾದಲ್ಲಿ ದೀಪಗಳು ಮತ್ತೆ ಹೊತ್ತಿದ್ದನ್ನು ನೋಡಿ, ತಾನು ಬದುಕಿದ್ದೇನೆ ಎಂಬುದೇ ದೊಡ್ಡ ಸಂತೋಷ ಎನ್ನಿಸಿತಂತೆ. ಜೀವದ ಬೆಲೆ ಅವರ ಕಥೆಗಳೊಳಗೆ ಬಂದದ್ದು ಅಲ್ಲಿಂದ ಎಂದು ನಾನು ತಿಳಿದಿದ್ದೇನೆ.

ಒಸಾಕಾದಲ್ಲಿ ವೈದ್ಯಕೀಯ ಓದಿದರು, ವೈದ್ಯರ ಪರೀಕ್ಷೆಯನ್ನೂ ಪಾಸು ಮಾಡಿದರು. ಆದರೆ ಮನಸ್ಸು ಚಿತ್ರದಲ್ಲಿ. ಯಾವುದನ್ನು ಹಿಡಿಯಲಿ ಎಂದು ತಾಯಿಯನ್ನು ಕೇಳಿದಾಗ, ನಿನಗೆ ಯಾವುದು ಇಷ್ಟವೋ ಅದನ್ನೇ ಮಾಡು ಎಂಬ ಅರ್ಥದಲ್ಲಿ ಆ ತಾಯಿ ಬುದ್ಧಿ ಹೇಳಿದರು. ಪೆನ್ನು ಗೆದ್ದಿತು.

1952ರಲ್ಲಿ ಅವರು ಆಟಮ್ ಎಂಬ ಯಂತ್ರದ ಹುಡುಗನ ಕಥೆ ಆರಂಭಿಸಿದರು. ನಮ್ಮಲ್ಲಿ ಅವನನ್ನು ಆಸ್ಟ್ರೋ ಬಾಯ್ ಎನ್ನುತ್ತಾರೆ. ಬಂಧುಗಳೇ, ಈ ಕಥೆಯ ಹುಟ್ಟೇ ಅಂಟಿಕೊಳ್ಳುವಿಕೆಯ ಪಾಠ. ಡಾಕ್ಟರ್ ತೆನ್ಮಾ ಎಂಬ ವಿಜ್ಞಾನಿಯ ಮಗ ತೊಬಿಯೊ ರಸ್ತೆ ಅಪಘಾತದಲ್ಲಿ ಸಾಯುತ್ತಾನೆ. ದುಃಖ ತಡೆಯಲಾರದ ತಂದೆ ಮಗನದೇ ರೂಪದ ಯಂತ್ರವನ್ನು ಮಾಡಿಕೊಳ್ಳುತ್ತಾನೆ. ಮೊದಲು ಪ್ರೀತಿಯೋ ಪ್ರೀತಿ. ದಿನ ಕಳೆದಂತೆ ಈ ಹುಡುಗ ಬೆಳೆಯುವುದಿಲ್ಲ, ಇವನು ತನ್ನ ಮಗನಲ್ಲ ಎಂದು ಗೊತ್ತಾಗುತ್ತದೆ. ಕೋಪಗೊಂಡು ಅವನನ್ನು ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಅಲ್ಲಿಂದ ಬಿಡಿಸಿ ತಂದು ಸಾಕುವವರು ಪ್ರೊಫೆಸರ್ ಒಚನೋಮಿಜು. ಅವರಿಗೆ ಆಟಮ್ ಇನ್ನೊಬ್ಬನ ನೆರಳಾಗಬೇಕಿಲ್ಲ. ಇದ್ದ ಹಾಗೆಯೇ ಸಾಕು. ಅವನಿಗೆ ತಂದೆತಾಯಿ ಇರಲೆಂದು ಯಂತ್ರದ ತಂದೆತಾಯಿಯನ್ನೂ ಮಾಡಿಕೊಡುತ್ತಾರೆ.

ತೆನ್ಮಾನದು ಉಪಾದಾನ, ಒಚನೋಮಿಜು ಅವರದು ಮೈತ್ರಿ. ಇಬ್ಬರೂ ಒಂದೇ ಹುಡುಗನನ್ನು ಹಚ್ಚಿಕೊಂಡವರು. ಒಬ್ಬನು ತನ್ನ ಕೊರತೆಯನ್ನು ತುಂಬಿಸಿಕೊಳ್ಳಲು, ಇನ್ನೊಬ್ಬರು ಆ ಹುಡುಗನ ಕೊರತೆಯನ್ನು ತುಂಬಲು.

1963ರ ಜನವರಿ 1ರಿಂದ ಆಟಮ್ ಟಿ.ವಿ.ಗೆ ಬಂದ. 193 ಕಂತುಗಳು ನಡೆದವು. 1966ರ ಡಿಸೆಂಬರ್ 31ರ ಕೊನೆಯ ಕಂತಿನಲ್ಲಿ ಅವನು ಭೂಮಿಯನ್ನು ಉಳಿಸಲು ಸೂರ್ಯನತ್ತ ಹಾರಿಹೋಗುತ್ತಾನೆ. ನಾಲ್ಕು ವರ್ಷ ವಾರವಾರ ಕಂಡ ಹುಡುಗ ಹಾಗೆ ಹೋದರೆ ಯಾವ ಮಗುವಿಗೆ ಕರುಳು ಚುರ್ ಎನ್ನದು?

ಇದೇ ಪ್ರೀತಿಯ ಇನ್ನೊಂದು ಮುಖವನ್ನೂ ನೋಡಬೇಕು. ಆಟಮ್‌ನ ಸ್ಟಿಕ್ಕರ್ ಇಟ್ಟ ಚಾಕೊಲೇಟು ಜಪಾನಿನಲ್ಲಿ ಭರ್ಜರಿಯಾಗಿ ಮಾರಾಟವಾಯಿತು. ಕಂತುಗಳನ್ನು ತಯಾರಿಕೆಯ ಖರ್ಚಿಗಿಂತ ಕಡಿಮೆ ಬೆಲೆಗೆ ಟಿ.ವಿ.ಗೆ ಕೊಟ್ಟದ್ದರಿಂದ ಚಿತ್ರ ಬರೆಯುವ ಕೆಲಸಗಾರರ ಮೇಲೆ ಹೊರೆ ಬಿತ್ತು ಎಂಬ ಟೀಕೆ ತೆಜುಕಾ ಅವರ ಮೇಲೆ ಇಂದಿಗೂ ಇದೆ. ಅವರು ಕಟ್ಟಿದ ಸ್ಟುಡಿಯೋ 1973ರಲ್ಲಿ ದಿವಾಳಿಯಾಯಿತು. ಇಂದು ಗೇಮಿನೊಳಗೆ ಇಷ್ಟದ ಪಾತ್ರ ಸಿಗಬೇಕೆಂದರೆ ದುಡ್ಡು ಹಾಕು ಎನ್ನುತ್ತಾರೆ. ಮಗುವಿನ ಮಮತೆ ಎಲ್ಲಿದೆಯೋ ಅಲ್ಲಿ ಅಂಗಡಿಯೂ ತೆರೆದಿರುತ್ತದೆ. ತಣ್ಹಾ ಎಂದರೆ ಏನೆಂದು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

1972ರಿಂದ 1983ರವರೆಗೆ ತೆಜುಕಾ ಬುದ್ಧರ ಚಿತ್ರಕಥೆ ಬರೆದರು. ಅದು ಶುರುವಾಗುವುದು ರಾಜಕುಮಾರ ಸಿದ್ಧಾರ್ಥನಿಂದ ಅಲ್ಲ. ಚಪ್ರ ಎಂಬ ದಾಸ ಹುಡುಗ, ತತ್ತ ಎಂಬ ಜಾತಿಯ ಲೆಕ್ಕಕ್ಕೇ ಸೇರದ ಹುಡುಗ, ಇವರಿಂದ. ಚಪ್ರ ಕೋಸಲದ ಸೇನಾಪತಿಯ ಜೀವ ಉಳಿಸಿ, ಹುಟ್ಟನ್ನು ಮುಚ್ಚಿಟ್ಟು, ಅವನ ದತ್ತುಮಗನಾಗಿ ಬೆಳೆಯುತ್ತಾನೆ. ಒಂದು ದಿನ ಗುಟ್ಟು ಬಯಲಾಗುತ್ತದೆ. ಅಷ್ಟು ದಿನದ ಶೌರ್ಯ, ಗೌರವ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಚಪ್ರನೂ ಅವನ ತಾಯಿಯೂ ಪ್ರಾಣ ಕಳೆದುಕೊಳ್ಳುತ್ತಾರೆ.

ಆ ಪುಟಗಳನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಚಪ್ರ ಇತಿಹಾಸದವನಲ್ಲ, ತೆಜುಕಾ ಅವರ ಕಲ್ಪನೆ. ಅದು ನನಗೆ ಗೊತ್ತಿತ್ತು. ಆದರೆ 1917ರಲ್ಲಿ ಬಾಬಾಸಾಹೇಬರು ವಿದೇಶದಲ್ಲಿ ಓದಿ ಬಂದು ಬರೋಡಾದಲ್ಲಿ ನೌಕರಿಗೆ ಸೇರಿದಾಗ, ಇರಲು ಜಾಗ ಸಿಗದೆ ಪಾರ್ಸಿ ಹೆಸರಿನಲ್ಲಿ ಪಾರ್ಸಿ ಛತ್ರದಲ್ಲಿ ಉಳಿದದ್ದು ಕಲ್ಪನೆಯಲ್ಲ. ಹನ್ನೊಂದನೆಯ ದಿನ ಕೋಲು ಹಿಡಿದು ಬಂದ ಗುಂಪು ಅವರನ್ನು ಹೊರಹಾಕಿದ್ದು ಕಲ್ಪನೆಯಲ್ಲ. ಬಾಡಿಗೆ ಮನೆ ಕೇಳಲು ಹೋದಾಗ ಯಾವ ಜನ ಎಂಬ ಪ್ರಶ್ನೆಗೆ ನಮ್ಮಲ್ಲಿ ಎಷ್ಟು ಮಂದಿ ತಲೆ ತಗ್ಗಿಸಿ ಸುಳ್ಳು ಹೇಳಿಲ್ಲ? ನಾನು ಅತ್ತದ್ದು ಕಾಗದದ ಹುಡುಗನ ಮುಂದೆ ಕುಳಿತು, ಆದರೆ ಕಣ್ಣೀರು ಬಂದ ಜಾಗ ಬೇರೆಯೇ ಇತ್ತು.

ತೆಜುಕಾ ಅವರಲ್ಲಿ ಇನ್ನೊಂದು ಪದ್ಧತಿಯಿತ್ತು. ತಮ್ಮ ಪಾತ್ರಗಳನ್ನು ನಾಟಕ ಕಂಪನಿಯ ನಟರಂತೆ ಬಳಸುತ್ತಿದ್ದರು. ದಪ್ಪ ಮೀಸೆಯ ಮುದುಕನೊಬ್ಬ ಒಂದು ಕಥೆಯಲ್ಲಿ ಪತ್ತೇದಾರ, ಇನ್ನೊಂದರಲ್ಲಿ ಆಟಮ್‌ನ ಮೇಷ್ಟ್ರು. ಇಲ್ಲಿ ಸತ್ತವನು ಅಲ್ಲಿ ಬೇರೆ ಹೆಸರಿನಲ್ಲಿ ನಗುತ್ತಾ ನಿಂತಿರುತ್ತಾನೆ. ಮಸಿ, ಕಾಗದ, ಕಥೆ, ಓದುವವನ ಮನಸ್ಸು ಕೂಡಿದಾಗ ಪಾತ್ರ ಮೂಡುತ್ತದೆ, ಅಗಲಿದಾಗ ಇಲ್ಲವಾಗುತ್ತದೆ. ಒಳಗೆ ಬೇರೆ ಆತ್ಮವೇನೂ ಇಲ್ಲ. ಭಗವಾನರು ನಮ್ಮ ಬಗ್ಗೆಯೂ ತಿಳಿಸಿದ್ದು ಇದನ್ನೇ ಅಲ್ಲವೇ?

ಹೊಟ್ಟೆಯ ಕ್ಯಾನ್ಸರ್ ಆಗಿ 1989ರ ಫೆಬ್ರುವರಿ 9ರಂದು ತೆಜುಕಾ ತೀರಿಕೊಂಡರು. ಅರವತ್ತೇ ವರ್ಷ. ಆಸ್ಪತ್ರೆಯ ಹಾಸಿಗೆಯಲ್ಲೂ ಪೆನ್ಸಿಲ್ ಬಿಟ್ಟಿರಲಿಲ್ಲ. ಅಮರತ್ವದ ಹಕ್ಕಿಯ ಬೆನ್ನುಹತ್ತಿ ದುಃಖ ಪಡುವ ಮನುಷ್ಯರ ಕಥೆಯೊಂದನ್ನು ದಶಕಗಟ್ಟಲೆ ಬರೆಯುತ್ತಾ ಬಂದಿದ್ದರು. ಅದೂ ಮುಗಿಯದೆ ಉಳಿಯಿತು. ಬರೆದವರಿಗೂ ಅನಿತ್ಯದಿಂದ ವಿನಾಯಿತಿ ಇರಲಿಲ್ಲ.

ಬಂಧುಗಳೇ, ಬಾಬಾಸಾಹೇಬರು ಬುದ್ಧ ಧಮ್ಮದಲ್ಲಿ ಮೆಚ್ಚಿದ್ದು ಪ್ರಜ್ಞೆ, ಕರುಣೆ, ಸಮತೆ, ಈ ಮೂರನ್ನು. ಪಾತ್ರಕ್ಕಾಗಿ ಅಳುವ ಮಗುವಿನಲ್ಲಿ ಕರುಣೆ ಆಗಲೇ ಇದೆ, ಅದನ್ನು ಬೈದು ಆರಿಸಬೇಡಿ. ಇದು ಯಾರೋ ಬರೆದ ಚಿತ್ರ, ಇದರ ಹಿಂದೆ ದುಡಿಮೆಯೂ ವ್ಯಾಪಾರವೂ ಇದೆ ಎಂಬ ಪ್ರಜ್ಞೆಯನ್ನು ಪಕ್ಕದಲ್ಲಿ ಕುಳಿತು ಕೊಡಿ. ಆ ಪಾತ್ರದಂಥ ನೋವು ನಮ್ಮ ಬೀದಿಯಲ್ಲಿ, ನಿನ್ನ ತರಗತಿಯಲ್ಲಿ ಯಾರಿಗಿದೆ ಎಂದು ಕೇಳಿ. ಆ ಮಗು ಒಬ್ಬರ ಹೆಸರು ಹೇಳಿದರೆ, ಅವರ ಬಳಿ ಹೋಗಿ ಜೊತೆಗೆ ಕೂರಲು ಹೇಳಿ. ಸಮತೆ ಅಲ್ಲಿಂದ ಶುರು.

ಪರದೆಯ ಮೇಲೆ ಮೂಡಿದ ಮಮತೆ ಪರದೆಯಲ್ಲೇ ನಿಂತರೆ ತೆನ್ಮಾನ ದಾರಿ. ಅಲ್ಲಿಂದ ಇಳಿದು ಜೀವಂತ ಮನುಷ್ಯನ ಕಡೆ ನಡೆದರೆ ಧಮ್ಮದ ದಾರಿ. ಇಂದು ನಾವೂ ಮಕ್ಕಳೊಡನೆ ಆ ಒಂದು ಹೆಜ್ಜೆ ಇಡೋಣ.

ಸರ್ವರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್.