ಸೊಲ್ಲಾಪುರದ ಡಾಕ್ಟ್ರು, ಚೀನಾದ ಕೆ ದಿಹುವಾ

ನಮ್ಮ ವಿಜಯಪುರದಿಂದ ಸುಮಾರು ನೂರು ಕಿಲೋಮೀಟರ್ ಹೋದರೆ ಸೊಲ್ಲಾಪುರ. 1910ರ ಅಕ್ಟೋಬರ್ 10ರಂದು ಅಲ್ಲಿ ಹುಟ್ಟಿದವರು ದ್ವಾರಕಾನಾಥ ಕೋಟ್ನಿಸ್. ಬದುಕಿದ್ದು ಬರೀ 32 ವರ್ಷ. ಅವರ ಹೆಸರು ನಮಗಿಂತ ಚೀನಾದವರಿಗೇ ಚೆನ್ನಾಗಿ ಗೊತ್ತು!

ಮುಂಬೈಯಲ್ಲಿ ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ ಓದಿಗೆ ತಯಾರಾಗ್ತಿದ್ದ ಹುಡುಗ ಅವರು. ನಮ್ಮಲ್ಲಿ ಎಷ್ಟೋ ಜನ ಗೇಟ್‌ಗೆ ಓದ್ತೀವಲ್ಲ, ಹಾಗೇ. ಆಗ ಜಪಾನ್ ಚೀನಾದ ಮೇಲೆ ದಾಳಿ ಮಾಡಿತ್ತು. ಚೀನಾದ ಸೇನಾಪತಿ ಝು ದೆ ನೆಹರೂಗೆ ಪತ್ರ ಬರೆದು ವೈದ್ಯರ ಸಹಾಯ ಕೇಳಿದರು. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್ ಚಂದ್ರ ಬೋಸ್ ಜನರಿಗೆ ಮನವಿ ಮಾಡಿದರು. ಕೋಟ್ನಿಸ್ ಓದನ್ನು ಬದಿಗಿಟ್ಟು ಹೆಸರು ಕೊಟ್ಟರು.

1938ರ ಸೆಪ್ಟೆಂಬರ್ 1ರಂದು ಅಟಲ್, ಚೋಳ್ಕರ್, ಬಸು, ಮುಖರ್ಜಿ ಜೊತೆ ಕೋಟ್ನಿಸ್ ಮುಂಬೈಯಿಂದ ಹಡಗು ಹತ್ತಿದರು. ಜೊತೆಗೆ ಔಷಧಿ, ಆಂಬುಲೆನ್ಸ್. ತಂಡದ ಮುಖ್ಯಸ್ಥ ಅಟಲ್ ಅವರಿಗೆ ಸ್ಪೇನ್ ಯುದ್ಧದ ಅನುಭವ ಇತ್ತು. ಕೋಟ್ನಿಸ್‌ಗೆ ಅಂಥದ್ದೇನೂ ಇರಲಿಲ್ಲ. ಅವರ ನಿಜವಾದ ತಯಾರಿ ಶುರುವಾಗಿದ್ದೇ ಅಲ್ಲಿಗೆ ಹೋದ ಮೇಲೆ. ರೋಗಿಗೆ ಎಲ್ಲಿ ನೋವು ಅಂತ ಕೇಳೋಕೂ ಭಾಷೆ ಬೇಕಲ್ವಾ? ಚೀನೀ ಭಾಷೆಯಲ್ಲಿ ಮಾತಾಡೋದು, ಓದೋದು, ಬರೆಯೋದು ಎಲ್ಲ ಕಲಿತರು. ಅಲ್ಲಿನವರಿಗೆ ಅವರು ಕೆ ದಿಹುವಾ ಆದರು.

ಚೀನಾದಲ್ಲಿದ್ದಾಗಲೇ ತಂದೆ ತೀರಿಹೋದ ಸುದ್ದಿ ಬಂತು. ಅವರು ಊರಿಗೆ ವಾಪಸ್ ಹೊರಡಲಿಲ್ಲ. 1939ರಲ್ಲಿ ಯಾನ್‌ಆನ್ ತಲುಪಿದರು, ಅಲ್ಲಿಂದ ಮುಂದೆ ಯುದ್ಧಭೂಮಿಗೆ. 1940ರ ಒಂದು ಕಾಳಗದ ವೇಳೆ 72 ಗಂಟೆ ನಿದ್ದೆಯಿಲ್ಲದೆ ಆಪರೇಷನ್ ಮಾಡಿದರಂತೆ.

ಕೆನಡಾದ ಸರ್ಜನ್ ನಾರ್ಮನ್ ಬೆಥೂನ್ ಕೂಡ ಅದೇ ಯುದ್ಧದಲ್ಲಿ ಸೇವೆ ಮಾಡ್ತಿದ್ದರು. ಆಪರೇಷನ್ ಮಾಡುವಾಗ ಬೆರಳಿಗಾದ ಗಾಯ ನಂಜೇರಿ 1939ರಲ್ಲಿ ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಕೋಟ್ನಿಸ್ ನಿರ್ದೇಶಕರಾದರು. ಅಲ್ಲಿ ಹೊಸಬರಿಗೆ ಪಾಠವನ್ನೂ ಮಾಡಿದರು. ಶುಶ್ರೂಷೆ ಕಲಿಸುತ್ತಿದ್ದ ಗುವೊ ಚಿಂಗ್ಲಾನ್‌ರನ್ನು ಮದುವೆಯಾದರು. ಮಗನಿಗಿಟ್ಟ ಹೆಸರು ಯಿನ್‌ಹುವಾ: ಯಿನ್ ಅಂದರೆ ಭಾರತ, ಹುವಾ ಅಂದರೆ ಚೀನಾ.

ಅಷ್ಟರಲ್ಲಿ ಮೂರ್ಛೆರೋಗ ಅವರನ್ನು ಕಾಡತೊಡಗಿತ್ತು. ಆದರೂ ಕೆಲಸ ಬಿಡಲಿಲ್ಲ, ಸರ್ಜರಿ ಪಠ್ಯಪುಸ್ತಕವೊಂದನ್ನು ಬರೆಯುತ್ತಲೇ ಇದ್ದರು. ಪುಸ್ತಕ ಮುಗಿಯಲಿಲ್ಲ. 1942ರ ಡಿಸೆಂಬರ್ 9ರಂದು ತೀರಿಕೊಂಡಾಗ ಮಗುವಿಗೆ ಇನ್ನೂ ನಾಲ್ಕು ತಿಂಗಳೂ ತುಂಬಿರಲಿಲ್ಲ.

ಎಲ್ಲ ಕಲಿತ ಮೇಲೆ ಏನಾದ್ರೂ ಮಾಡೋಣ ಅಂತ ನಾವು ಕಾಯ್ತಾ ಇರ್ತೀವಿ. ಕೋಟ್ನಿಸ್ ಕೈಯಲ್ಲಿದ್ದ ಒಂದು ವಿದ್ಯೆ ಹಿಡ್ಕೊಂಡು ಹೊರಟರು. ಉಳಿದದ್ದನ್ನು ಅಗತ್ಯ ಬಿದ್ದ ಕಡೆಯೇ ಕಲಿತರು.