ದಿವಂಗತ ಡಾ. ಪಾದೂರು ಗುರುರಾಜ ಭಟ್ಟರು

ಇತಿಹಾಸವೆಂದರೆ ದಿಲ್ಲಿಯ ದರ್ಬಾರು, ಪಾಣಿಪತ್ತಿನ ರಣರಂಗ ಎಂದೇ ನಾವು ಬಹುಕಾಲ ಓದಿದೆವು. ಊರ ಗುಡಿಯ ಕಲ್ಲಿನಲ್ಲಿಯೂ ಇತಿಹಾಸವಿದೆಯೆಂದು ತುಳುನಾಡಿನವರಿಗೆ ತೋರಿಸಿಕೊಟ್ಟ ಅಧ್ಯಾಪಕರಲ್ಲಿ ಗುರುರಾಜ ಭಟ್ಟರು ಅಗ್ರಗಣ್ಯರು.

1924ರಲ್ಲಿ ಉಡುಪಿಯ ಕಡೆಯ ಪಾದೂರಿನಲ್ಲಿ ಜನಿಸಿದ ಅವರು, ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನಲ್ಲಿ ಇತಿಹಾಸವನ್ನು ಬೋಧಿಸಿ ಮುಂದೆ ಅಲ್ಲಿಯೇ ಪ್ರಾಂಶುಪಾಲರಾದರು. ಆಳುಪರು ಆಳಿದ ಬಾರಕೂರು, ಉದ್ಯಾವರಗಳು ಅಲ್ಲಿಗೆ ದೂರವಲ್ಲ. ಆದರೆ ಶಾಸನವಿಲ್ಲದ ಗುಡಿಗಳಿಗೆ ಕಾಲವನ್ನು ಹೇಳುವವರಾರು? ಭಟ್ಟರು ಊರೂರು ತಿರುಗಿ, ಗರ್ಭಗುಡಿಯ ಮೂರ್ತಿಗಳ ಛಾಯಾಚಿತ್ರ ತೆಗೆದು, ಕಿರೀಟ, ಆಭರಣ, ಆಯುಧ, ನಿಂತ ಭಂಗಿ ಇವುಗಳನ್ನು ಒಂದರೊಡನೊಂದು ಹೋಲಿಸಿ ಕಾಲನಿರ್ಣಯಕ್ಕೆ ತೊಡಗಿದರು. ಶೈಲಿಯೊಂದರಿಂದಲೇ ಕಾಲವನ್ನಳೆಯುವುದು ಪಾಚಿಗಲ್ಲಿನ ಮೇಲಣ ನಡಿಗೆ. ಅವರ ತೀರ್ಮಾನಗಳೆಲ್ಲವೂ ನಿಲ್ಲಲಾರವೆಂದು ನಮಗೂ ತೋರುತ್ತದೆ. ಆದರೂ ಕಣ್ಣಾರೆ ಕಾಣದೆ ಬರೆಯಬಾರದೆಂಬ ಅವರ ಶಿಸ್ತು ಇತಿಹಾಸ ಕಲಿಸುವವರಿಗೆಲ್ಲ ಬೇಕಾದುದು.

1956ರಲ್ಲಿ ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಆದರೆ ಚರಿತ್ರೆಯ ತುಳುವನಾಡು ತಲಪಾಡಿಯಲ್ಲಿ ಮುಗಿಯುವುದಿಲ್ಲ. ಚಂದ್ರಗಿರಿ ಹೊಳೆಯವರೆಗೂ ಹಬ್ಬುತ್ತದೆ. ಆ ನಾಡಿನ ಕಥನವಾದ ‘ಸ್ಟಡೀಸ್ ಇನ್ ತುಳುವ ಹಿಸ್ಟರಿ ಅಂಡ್ ಕಲ್ಚರ್’ ಎಂಬ ಬೃಹದ್ಗ್ರಂಥವು 1975ರಲ್ಲಿ ಪ್ರಕಟವಾಯಿತು. ಇಂಗ್ಲಿಷಿನಲ್ಲಿರುವುದರಿಂದ ನಮ್ಮ ಮನೆಮಂದಿಗೆ ಅದು ಸುಲಭವಾಗಿ ಎಟುಕದೆಂಬುದೊಂದು ಕೊರತೆ.

1978ರಲ್ಲಿ ಭಟ್ಟರು ತೀರಿಕೊಂಡರು. ಜೀರ್ಣೋದ್ಧಾರದ ವೇಳೆ ಭಿನ್ನವಾದ ಹಳೆಯ ಮೂರ್ತಿಯನ್ನು ನೀರಿಗೆ ಬಿಟ್ಟು ಹೊಸದನ್ನು ಪ್ರತಿಷ್ಠಿಸುವುದು ನಮ್ಮಲ್ಲಿ ರೂಢಿ. ಹಾಗೆ ನೀರು ಸೇರಿದ ಮೂರ್ತಿಯ ಮುಖವನ್ನು ಕಾಣಬೇಕಾದರೆ ಇಂಥ ಛಾಯಾಚಿತ್ರಗಳನ್ನೇ ಹುಡುಕಬೇಕು.